ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಮಗನ ಹುಟ್ಟುಹಬ್ಬಕ್ಕೆ ಒಂದು ದಿನ ಸಮುದ್ರದ ಕಡೆ ಹೋಗಿ ಬರಬೇಕು, ಜೊತೆಗೆ ಅತ್ತೆ-ಮಾವ ಇದ್ದಾರೆ. ಯಾವ ಸ್ಟೇಟ್ ಪಾರ್ಕ್ ಒಳ್ಳೆಯದು?

ಫೆಬ್ರವರಿ ಎರಡನೇ ವಾರ ಮಗನಿಗೆ ಏಳು ತುಂಬುತ್ತದೆ, ಹಾಲ್ ಹಿಡಿದು ಪಾರ್ಟಿ ಮಾಡೋದು ಬೇಡ, ಊರಿಂದ ಬಂದಿರುವ ಅತ್ತೆ-ಮಾವನಿಗೂ ಹಿಡಿಸಬೇಕು, ಸ್ಯಾನ್ ಹೋಸೆಯಿಂದ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರಬೇಕು ಅಂತ ಬರೆದಿದ್ದೀರಿ. ನನ್ನ ಉತ್ತರ ಒಂದೇ: ಆನ್ಯೊ ನುವೇವೊ. ಹೈವೇ 1ರಲ್ಲಿ, ಸಾಂತಾ ಕ್ರೂಜ್‌ನಿಂದ ಸುಮಾರು 20 ಮೈಲಿ ಉತ್ತರಕ್ಕೆ. ಅಲ್ಲಿಗೆ ಚಳಿಗಾಲದಲ್ಲಿ ಎಲಿಫೆಂಟ್ ಸೀಲ್ ಅನ್ನುವ ಭಾರಿ ಗಾತ್ರದ ಕಡಲ ಪ್ರಾಣಿಗಳು ಮರಿ ಹಾಕಲು ಬರುತ್ತವೆ. ನಾವು ಕಳೆದ ವರ್ಷ ಜನವರಿ ಕೊನೆಗೆ ಮಗಳ ಎಂಟನೇ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ನನ್ನ ಅಪ್ಪ-ಅಮ್ಮನೂ ಬಂದಿದ್ದರು. ಹಾಗಾಗಿ ನಿಮ್ಮ ಪರಿಸ್ಥಿತಿ ಚೆನ್ನಾಗಿ ಗೊತ್ತು.

ಮೊದಲು ಬುಕಿಂಗ್ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ನಾವು ಮೊದಲ ಸಲ ಎಡವಿದ್ದೇ ಅಲ್ಲಿ. ಅದಕ್ಕೂ ಹಿಂದಿನ ವರ್ಷ ಡಿಸೆಂಬರ್ ಮೊದಲ ವಾರ ಸುಮ್ನೆ ಕಾರು ಹತ್ತಿ ಹೋಗಿದ್ದೆವು. ಡಿಸೆಂಬರ್ 1ರಿಂದ 14ರವರೆಗೆ ಸೀಲ್ ಇರುವ ಕಡೆಗೆ ಯಾರನ್ನೂ ಬಿಡುವುದಿಲ್ಲ ಅಂತ ಅಲ್ಲಿ ಹೋದ ಮೇಲೆ ತಿಳಿಯಿತು. ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಗೈಡ್ ಜೊತೆಗೇ ಹೋಗಬೇಕು, ಒಬ್ಬರೇ ಅಡ್ಡಾಡುವ ಹಾಗಿಲ್ಲ. ಆ ನಡಿಗೆಗೆ ರಿಸರ್ವ್ ಕ್ಯಾಲಿಫೋರ್ನಿಯಾ ಸೈಟಿನಲ್ಲಿ ಮೊದಲೇ ಟಿಕೆಟ್ ತೆಗೆದುಕೊಳ್ಳಬೇಕು. ಪಾರ್ಕಿಂಗ್‌ಗೆ ಬೇರೆ ದುಡ್ಡು, ನಾವು ಕೊಟ್ಟಿದ್ದು 10 ಡಾಲರ್. ಫೆಬ್ರವರಿಯ ಶನಿವಾರ, ಭಾನುವಾರ ಬೇಗ ತುಂಬಿಹೋಗುತ್ತವೆ. ಹುಟ್ಟುಹಬ್ಬದ ದಿನವೇ ಆಗಬೇಕು ಅಂತ ಹಟ ಹಿಡಿಯಬೇಡಿ. ಮೊದಲು ಟಿಕೆಟ್ ಯಾವ ದಿನಕ್ಕೆ ಸಿಗುತ್ತದೆ ನೋಡಿ, ಆ ದಿನವೇ ಹುಟ್ಟುಹಬ್ಬ ಅಂದುಕೊಳ್ಳಿ. ನಮ್ಮ ಅಪ್ಪನ ಹುಟ್ಟಿದ ದಿನ ಇವತ್ತಿಗೂ ಮೇಷ್ಟ್ರು ಶಾಲೆಯ ರಿಜಿಸ್ಟರಿನಲ್ಲಿ ಬರೆದುಕೊಂಡ ಜೂನ್ 1. ಅದರಿಂದ ಅವರಿಗೇನೂ ನಷ್ಟ ಆಗಿಲ್ಲ.

ಎರಡನೆಯದು, ಮೊಣಕಾಲು. ಹೋಗಿ ಬರುವುದು ಸೇರಿ ಸುಮಾರು ಮೂರು ಮೈಲಿ, ಎರಡೂವರೆ ಗಂಟೆ. ಶುರುವಿನ ಮಣ್ಣಿನ ದಾರಿ ಸಲೀಸು, ಆಮೇಲೆ ಮರಳು ದಿಬ್ಬ. ಮರಳಲ್ಲಿ ಒಂದು ಮೈಲಿ ಅಂದರೆ ರಸ್ತೆಯಲ್ಲಿ ಎರಡು ಅಂತ ಲೆಕ್ಕ ಹಾಕಿ. ನಮ್ಮಮ್ಮ ಚೂಡಿದಾರ್ ಮೇಲೆ ನನ್ನ ಹಳೇ ಜಾಕೆಟ್, ಕಾಲಿಗೆ ನನ್ನದೇ ಶೂ ಹಾಕಿಕೊಂಡು ಗುಂಪಿನ ಕೊನೆಯಲ್ಲಿ ನಿಧಾನಕ್ಕೆ ಬಂದರು. ಗೈಡ್ ಅಲ್ಲಲ್ಲಿ ನಿಂತು ಮಾತಾಡುತ್ತಾರಲ್ಲ, ಅಷ್ಟರಲ್ಲಿ ಅಮ್ಮ ಬಂದು ಸೇರಿಕೊಳ್ಳುತ್ತಿದ್ದರು. ಆದರೆ ಮನೆಯಲ್ಲಿ ಮೆಟ್ಟಿಲು ಹತ್ತುವಾಗಲೇ ಕೈಗಂಬಿ ಹಿಡಿಯುವವರಾದರೆ ಈ ನಡಿಗೆ ಬೇಡ. ಸ್ಟ್ರೋಲರ್ ಬಿಡುವುದಿಲ್ಲ. ಮಳೆ ಬಂದರೂ ನಡಿಗೆ ನಿಲ್ಲುವುದಿಲ್ಲ, ಕೊಡೆ ಬಿಡಿಸುವ ಹಾಗೂ ಇಲ್ಲ, ಸೀಲ್‌ಗಳು ಬೆದರುತ್ತವಂತೆ. ರೇನ್‌ಕೋಟ್ ತೆಗೆದುಕೊಂಡು ಹೋಗಿ.

ನಡೆಯಲು ಆಗದವರಿಗೆ ನಾನು ಹೇಳುವ ಜಾಗ ಸಾಂತಾ ಕ್ರೂಜ್‌ನ ನ್ಯಾಚುರಲ್ ಬ್ರಿಡ್ಜಸ್. ನೀಲಗಿರಿ ಮರಗಳ ತೋಪಿಗೆ ಹಲಗೆಯ ದಾರಿ ಇದೆ, ದೂರವೂ ಇಲ್ಲ. ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಮೊನಾರ್ಕ್ ಚಿಟ್ಟೆಗಳು ಬಂದು ಗೊಂಚಲಾಗಿ ಕೂರುತ್ತವೆ. ನಿಮ್ಮದು ಸ್ವಲ್ಪ ಕೊನೆಯ ಹೊತ್ತು, ಚಿಟ್ಟೆ ಕಡಿಮೆ ಇರಬಹುದು. ಕಡಲಲ್ಲಿ ಕಮಾನಿನಂಥ ಬಂಡೆ ಇದೆ. ಹಿಂದೆ ಮೂರು ಕಮಾನು ಇದ್ದವಂತೆ, ಈಗ ಉಳಿದಿರುವುದು ಒಂದು.

ಸರಿ, ನಮ್ಮ ದಿನ ಹೇಗಿತ್ತು ಹೇಳುತ್ತೇನೆ.

ಅಪ್ಪನ ಊರು ಕಾಪು. ಕಡಲ ಪಕ್ಕವೇ ಹುಟ್ಟಿ ಬೆಳೆದವರು. "ಕಡಲು ನೋಡ್ಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ ಮಾರಾಯ್ತಿ?" ಅಂತ ಹಿಂದಿನ ರಾತ್ರಿಯಿಂದಲೇ ಶುರು. ಆನ್ಯೊ ನುವೇವೊ ಅವರ ಬಾಯಲ್ಲಿ ನಿಲ್ಲಲಿಲ್ಲ, ಅಣ್ಣಯ್ಯನ ಪಾರ್ಕು ಆಯಿತು. ಅದು ಸ್ಪ್ಯಾನಿಷ್, ಹೊಸ ವರ್ಷ ಅಂತ ಅರ್ಥ, 1603ರ ಜನವರಿ 3ರಂದು ವಿಸ್ಕೈನೊ ಎಂಬ ಸ್ಪೇನಿನ ನಾವಿಕನ ಹಡಗು ಇಲ್ಲಿ ಹಾದುಹೋದಾಗ ಇಟ್ಟ ಹೆಸರು ಅಂದೆ. "ಹೊಸ ವರ್ಷ ಯುಗಾದಿಗೆ ಅಲ್ವಾ" ಅಂದರು.

ದಾರಿ ವಿಷಯದಲ್ಲಿ ಒಂದು ಮಾತು. ನಾವು ಹತ್ತಿರ ಅಂತ ಹೈವೇ 84 ಹಿಡಿದೆವು. ಕಾಡಿನ ನಡುವೆ ತಿರುವು ಮೇಲೆ ತಿರುವು, ಥೇಟ್ ಆಗುಂಬೆ. ಲಾ ಹೊಂಡಾ ದಾಟುವಷ್ಟರಲ್ಲಿ ಬರ್ತ್‌ಡೇ ಹುಡುಗಿ ಬೆಳಗಿನ ದೋಸೆಯನ್ನೆಲ್ಲಾ ಹೊರಗೆ ಹಾಕಿದಳು. ಹೊಸ ಫ್ರಾಕು ಬೇರೆ. ಮಕ್ಕಳಿಗೆ ವಾಂತಿ ಆಗುವ ಅಭ್ಯಾಸ ಇದ್ದರೆ 92ರಲ್ಲಿ ಹಾಫ್ ಮೂನ್ ಬೇಗೆ ಹೋಗಿ, ಅಲ್ಲಿಂದ ಕಡಲ ಬದಿಯ ಹೈವೇ 1ರಲ್ಲಿ ದಕ್ಷಿಣಕ್ಕೆ ಇಳಿಯಿರಿ. ವಾರಾಂತ್ಯ ತಡವಾಗಿ ಹೊರಟರೆ 92 ಜಾಮ್. ನಿಮಗೆ ಸ್ಯಾನ್ ಹೋಸೆಯಿಂದ 17ರಲ್ಲಿ ಸಾಂತಾ ಕ್ರೂಜ್ ಕಡೆಯಿಂದ ಬರುವುದೂ ಆಗುತ್ತದೆ. ಅಲ್ಲೂ ತಿರುವು ಇದೆ, ಆದರೆ 84ರಷ್ಟು ಅಲ್ಲ. ಯಾವ ದಾರಿಯಾದರೂ ಟಿಕೆಟ್ಟಿನ ಹೊತ್ತಿಗಿಂತ ಒಂದು ಗಂಟೆ ಮೊದಲು ಅಲ್ಲಿರಿ. ಫೋನ್ ಸಿಗ್ನಲ್ ನಂಬಬೇಡಿ, ಟಿಕೆಟ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಊಟ ನಡಿಗೆಗೆ ಮೊದಲೇ ಮುಗಿಸಿ. ಒಳಗೆ ತಿಂಡಿ ಒಯ್ಯುವ ಹಾಗಿಲ್ಲ, ನೀರು ಮಾತ್ರ. ನಾವು ಚಿತ್ರಾನ್ನ, ಚಪಾತಿ-ಪಲ್ಯ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಗಾಳಿಗೆ ಪೇಪರ್ ಪ್ಲೇಟು ಚಿತ್ರಾನ್ನದ ಸಮೇತ ಹಾರಿತು. ಸ್ಟೀಲ್ ತಟ್ಟೆ ಒಯ್ಯಿರಿ. ಬಲೂನು ಮನೆಯಲ್ಲೇ ಬಿಟ್ಟು ಹೋಗಿದ್ದು ಒಳ್ಳೆಯದಾಯಿತು, ಆ ಗಾಳಿಗೆ ನೇರ ಸಮುದ್ರಕ್ಕೆ ಹೋಗುತ್ತಿತ್ತು.

ಸೀಲ್ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ, ಆಮೇಲೆ ಮೂಗಿಗೆ. ದಿಬ್ಬದ ಆಚೆಯಿಂದ ಗುಡ್ ಗುಡ್ ಗುಡ್ ಅಂತ ಸದ್ದು. ಅಪ್ಪ ತಕ್ಷಣ, "ಯಾರೋ ಬುಲೆಟ್ ಒದೀತಿದ್ದಾರೆ, ಸ್ಟಾರ್ಟ್ ಆಗ್ತಾ ಇಲ್ಲ" ಅಂದರು. ನಿಜಕ್ಕೂ ಹಾಗೇ ಇತ್ತು. ವಾಸನೆ ಅಂದರೆ ಮಲ್ಪೆ ಬಂದರು. ಅಪ್ಪನ ಮುಖ ಅಲ್ಲಿಂದಲೇ ಅರಳಿತು ಅನ್ನಿ.

ದಿಬ್ಬ ಹತ್ತಿ ನೋಡಿದರೆ ಮರಳ ಮೇಲೆ ಅಕ್ಕಿ ಮೂಟೆ ಉರುಳಿಸಿಟ್ಟ ಹಾಗೆ ಬಿದ್ದುಕೊಂಡಿವೆ. ಗಂಡು 14ರಿಂದ 16 ಅಡಿ ಉದ್ದ, ತೂಕ ಎರಡು ಟನ್ ದಾಟುತ್ತದೆ. ಮೂಗು ಮೊಂಡು ಸೊಂಡಿಲಿನ ಹಾಗೆ ಬಾಯ ಮೇಲೆ ಜೋತಾಡುತ್ತದೆ, ಆನೆ ಅನ್ನುವ ಹೆಸರು ಅದಕ್ಕೇ. ಕತ್ತಿನ ಚರ್ಮ ಕಚ್ಚಾಡಿ ಕಚ್ಚಾಡಿ ಕೆಂಪಗೆ ಗಂಟುಗಂಟಾಗಿರುತ್ತದೆ. ಎರಡು ಗಂಡುಗಳು ಎದುರಾದರೆ ಮೈ ಅರ್ಧ ಎತ್ತಿ ಎದೆಗೆ ಎದೆ ಗುದ್ದುತ್ತವೆ. ಇಷ್ಟು ದಪ್ಪ ಪ್ರಾಣಿ ಏನು ಓಡೀತು ಅಂದುಕೊಂಡಿದ್ದೆ. ಒಂದು ಇನ್ನೊಂದನ್ನು ಅಟ್ಟಿಕೊಂಡು ಬಂದಾಗ ಗೈಡ್ ನಮ್ಮನ್ನೆಲ್ಲ ಸರಸರನೆ ಹಿಂದೆ ಸರಿಸಿದರು. ಕನಿಷ್ಠ 25 ಅಡಿ ದೂರ ಇರಲೇಬೇಕು. ಮಗನ ಕೈ ಬಿಡಬೇಡಿ.

ಮರಿಗಳು ಕಪ್ಪಗೆ, ಚರ್ಮ ಮೈಗಿಂತ ಎರಡು ಸೈಜು ದೊಡ್ಡದು. ನಮ್ಮಿಂದ ಹತ್ತಿಪ್ಪತ್ತು ಹೆಜ್ಜೆ ಆಚೆ ಒಂದು ಮಲಗಿತ್ತು. ಕಣ್ಣಿನಿಂದ ನೀರು ಇಳಿದು ಕೆನ್ನೆಯ ಮರಳಲ್ಲಿ ಎರಡು ಗೆರೆ ಮೂಡಿತ್ತು. "ಅಜ್ಜಿ, ಅಳ್ತಾ ಇದೆ!" ಅಂದಳು ಮಗಳು. ಅಳು ಅಲ್ಲ, ಕಣ್ಣಿನ ನೀರು ಒಳಗಿಂದ ಮೂಗಿಗೆ ಇಳಿಯುವ ನಾಳ ಅವಕ್ಕಿಲ್ಲ, ಅದಕ್ಕೇ ಹೊರಗೆ ಹರಿಯುತ್ತದೆ ಅಂತ ಗೈಡ್ ಹೇಳಿದರು. ಮಗಳು ನಂಬಲಿಲ್ಲ. ಅಷ್ಟರಲ್ಲಿ ತಾಯಿ ಮುಂಗಾಲಿನಂಥ ರೆಕ್ಕೆಯಿಂದ ಒಂದು ಬೊಗಸೆ ಮರಳು ಎತ್ತಿ ತನ್ನ ಬೆನ್ನ ಮೇಲೆ ಎರಚಿಕೊಂಡಿತು, ಅರ್ಧ ಮರಿಯ ಮುಖಕ್ಕೆ. ಆಗ ನಕ್ಕಳು.

ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಗೈಡ್ ಹೇಳಿದ್ದನ್ನು ನಾನು ಕಿವಿಯಲ್ಲಿ ಹೇಳುತ್ತಿದ್ದೆ. ಮರಿ ಹುಟ್ಟಿದಾಗ ಸುಮಾರು 35 ಕಿಲೋ. ನಾಲ್ಕು ವಾರ ಹಾಲು ಕುಡಿದು 130 ಕಿಲೋ ಹತ್ತಿರ ಆಗುತ್ತದೆ. ಹಾಲಿನಲ್ಲಿ ಅರ್ಧಕ್ಕರ್ಧ ಕೊಬ್ಬು. ಆ ನಾಲ್ಕು ವಾರ ತಾಯಿ ಏನೂ ತಿನ್ನುವುದಿಲ್ಲ. ನೀರಿಗೂ ಇಳಿಯುವುದಿಲ್ಲ. ಮೈ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕರಗಿಹೋಗುತ್ತದೆ.

ಅಮ್ಮ ನಿಂತುಬಿಟ್ಟರು. ಎಂಟು ವರ್ಷದ ಹಿಂದೆ ಇದೇ ಮಗಳ ಬಾಣಂತನಕ್ಕೆ ಬಂದವರು ಅವರು. ಸೂಟ್‌ಕೇಸ್ ತುಂಬಾ ಅಂಟಿನುಂಡೆ, ಮೆಂತ್ಯದ ಹಿಟ್ಟು, ಒಣಶುಂಠಿ. ಏರ್‌ಪೋರ್ಟಿನಲ್ಲಿ ಒಂದೊಂದೇ ಡಬ್ಬ ತೆಗೆಸಿ ನೋಡಿದ್ದರಂತೆ. "ಒಂದು ತಿಂಗಳು ಬಾಣಂತಿಗೆ ಏನೂ ಇಲ್ವಾ? ಕೊಡೋರೂ ಇಲ್ವಾ?" ಅಂದರು. ಇಲ್ಲ ಅಂದೆ. ಅದಾದ ಮೇಲೆ ಒಂದು ದಿನ ತಾಯಿ ಮರಿಯನ್ನು ಬಿಟ್ಟು ಸಮುದ್ರಕ್ಕೆ ಹೋಗಿಬಿಡುತ್ತದೆ, ತಿರುಗಿ ಬರುವುದಿಲ್ಲ, ಈಜುವುದನ್ನೂ ಮರಿ ತಾನೇ ಕಲಿಯಬೇಕು ಅಂತ ಹೇಳಿದ್ದಕ್ಕೆ ಅಮ್ಮ ಏನೂ ಅನ್ನಲಿಲ್ಲ. ಸ್ವಲ್ಪ ಮುಂದೆ ಹೋದ ಮೇಲೆ, "ಹೋಗ್ಲಿ ಬಿಡು, ಅದಕ್ಕೂ ಹಸಿವು ಅಲ್ವಾ" ಅಂದರು. ಎರಡು ತಾಯಂದಿರ ಹಾಲು ಕದ್ದು ಕುಡಿದು ಇನ್ನೂರು ಕಿಲೋ ದಾಟುವ ಮರಿಗಳೂ ಇರುತ್ತವೆ ಅಂದಾಗ ಮಾತ್ರ ಜೋರಾಗಿ ನಕ್ಕು, ಅಪ್ಪನ ಕಡೆ ನೋಡಿ, "ನಿಮ್ಮ ತಮ್ಮನ ಹಾಗೆ" ಅಂದರು.

ಅಪ್ಪನಿಗೆ ಹಿಡಿಸಿದ ಕಥೆ ಬೇರೆ. ಹತ್ತೊಂಬತ್ತನೇ ಶತಮಾನದಲ್ಲಿ ಎಣ್ಣೆಗೋಸ್ಕರ ಇವನ್ನು ಕೊಂದು ಕೊಂದು, ಕೊನೆಗೆ ಮೆಕ್ಸಿಕೋದ ಗ್ವಾದಲುಪೆ ದ್ವೀಪದಲ್ಲಿ ನೂರರ ಒಳಗೆ ಉಳಿದಿದ್ದವು. 1922ರಲ್ಲಿ ಮೆಕ್ಸಿಕೋ ರಕ್ಷಣೆ ಕೊಟ್ಟಿತು. 1955ರಲ್ಲಿ ಆನ್ಯೊ ನುವೇವೊ ದ್ವೀಪಕ್ಕೆ ಮತ್ತೆ ಬಂದವು, 1961ರಲ್ಲಿ ಅಲ್ಲಿ ಮೊದಲ ಮರಿ, 1975ರಲ್ಲಿ ನಾವು ನಿಂತಿದ್ದ ಈ ದಡದಲ್ಲಿ ಮೊದಲ ಮರಿ. ಈಗ ಒಟ್ಟು ಎರಡು ಲಕ್ಷಕ್ಕೂ ಜಾಸ್ತಿ. 1975 ಅಂದರೆ ತಾನು ಕಾಲೇಜಿಗೆ ಹೋಗುತ್ತಿದ್ದ ಕಾಲ ಅಂತ ಅಪ್ಪ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದರು.

ಕೇಕ್ ವಾಪಸ್ ಬಂದ ಮೇಲೆ, ಪಾರ್ಕಿಂಗ್ ಹತ್ತಿರ. ದೊಡ್ಡ ಕೇಕ್ ಆ ತಿರುವುಗಳಲ್ಲಿ ಉಳಿಯುವುದಿಲ್ಲ ಅಂತ ಕಪ್‌ಕೇಕ್ ಒಯ್ದಿದ್ದೆ. ಮೇಣದ ಬತ್ತಿ ಹಚ್ಚಿದರೆ ಗಾಳಿಗೆ ಪುಸ್ ಅಂತ ಆರುತ್ತದೆ. ನನ್ನ ಗಂಡ ಬೆಂಕಿಪೊಟ್ಟಣ ಅರ್ಧ ಖಾಲಿ ಮಾಡಿದರು. ನಾವೆಲ್ಲ ಗೋಡೆ ಥರ ಸುತ್ತ ನಿಂತೆವು, ಆದರೂ ಆರಿತು. ಕೊನೆಗೆ ಅಮ್ಮ ಚಕ್ಕುಲಿಯ ಎತ್ತರದ ಸ್ಟೀಲ್ ಡಬ್ಬ ಖಾಲಿ ಮಾಡಿ, ಕಪ್‌ಕೇಕನ್ನು ಅದರೊಳಗೆ ಇಳಿಸಿ, ಒಳಗೇ ಕೈ ಹಾಕಿ ಹಚ್ಚಿದರು. ನಿಂತಿತು. ಡಬ್ಬದೊಳಗೆ ಬೆಳಕು ಮಿಣಿಮಿಣಿ. ಮಗಳು ಬಾವಿ ಇಣುಕುವ ಹಾಗೆ ಬಗ್ಗಿ ಊದಿದಳು. ಎದ್ದಾಗ ಮೂಗಿನ ತುದಿಗೆ ಕ್ರೀಮು, ಅದಕ್ಕೆ ಅಂಟಿಕೊಂಡ ಚಕ್ಕುಲಿ ಪುಡಿ. ಆ ಫೋಟೋ ಊರಿನ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಓಡುತ್ತಿದೆ.

ಇಷ್ಟೇ ಇಟ್ಟುಕೊಳ್ಳಿ. ಇಷ್ಟು ದೂರ ಬಂದಿದ್ದೇವೆ, ಅಕ್ವೇರಿಯಂ, ಸಾಂತಾ ಕ್ರೂಜ್‌ನ ಬೋರ್ಡ್‌ವಾಕ್ ಅನ್ನುವ ಆಟದ ಪಾರ್ಕು ಎಲ್ಲಾ ಮುಗಿಸೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ನಡೆದು ಬಂದ ಮೇಲೆ ಹಿರಿಯರಿಗೂ ಮಕ್ಕಳಿಗೂ ಕಾಲು ಸೋತಿರುತ್ತದೆ. ಹಾಫ್ ಮೂನ್ ಬೇ ಕಡೆಯಿಂದ ವಾಪಸ್ ಹೋದರೆ ಸ್ವಲ್ಪ ಉತ್ತರಕ್ಕೆ ಪಿಜನ್ ಪಾಯಿಂಟ್ ದೀಪಸ್ತಂಭ ಸಿಗುತ್ತದೆ. 1872ರದ್ದು, 115 ಅಡಿ. ಹತ್ತು ನಿಮಿಷ ನಿಂತು ನೋಡಬಹುದು. ನಾವು ಹೋದಾಗ ಮೇಲೆ ಹತ್ತಲು ಬಿಡುತ್ತಿರಲಿಲ್ಲ. "ನಮ್ಮ ಕಾಪುವಿನದ್ದು 1901ರದ್ದು, ಇದಕ್ಕಿಂತ ಗಿಡ್ಡ, ಆದ್ರೆ ಹತ್ಲಿಕ್ಕೆ ಬಿಡ್ತಾರೆ" ಅಂತ ಅಪ್ಪ ಗೆದ್ದವರ ಹಾಗೆ ಹೇಳಿದರು. ದಡಕ್ಕೆ ಇಳಿದರೆ ಕಡಲಿಗೆ ಬೆನ್ನು ಹಾಕಿ ನಿಲ್ಲಬೇಡಿ. ನಮ್ಮ ಕರಾವಳಿಯ ಹಾಗೆ ಕಾಲು ನೆನೆಸಿಕೊಂಡು ಆಡುವ ನೀರಲ್ಲ ಇದು. ಮೈ ಮರಗಟ್ಟುವಷ್ಟು ತಣ್ಣಗಿರುತ್ತದೆ, ಇದ್ದಕ್ಕಿದ್ದಂತೆ ದೊಡ್ಡ ಅಲೆ ಬರುತ್ತದೆ. ಅಪ್ಪ ಪಂಚೆ ಎತ್ತಿ ಕಟ್ಟಲು ಹೊರಟಿದ್ದರು, ಒಂದು ಬೆರಳು ತಾಗಿಸಿ ಹಿಂದೆ ಬಂದರು.

ಕೊನೆಯದಾಗಿ, ನೀವು ಫೆಬ್ರವರಿ ಎರಡನೇ ವಾರ ಅಂದಿರಿ. ಅಷ್ಟೊತ್ತಿಗೆ ತುಂಬಾ ಮರಿಗಳು ಹಾಲು ಬಿಟ್ಟು ದುಂಡಗೆ ಉರುಳಾಡುತ್ತಿರುತ್ತವೆ, ನೋಡಲು ಚೆಂದ. ಆದರೆ ಗಂಡು-ಹೆಣ್ಣು ಕೂಡುವ ಕಾಲವೂ ಅದೇ, ಅವು ಮರೆ ಗಿರೆ ನೋಡುವುದಿಲ್ಲ. ಏಳು ವರ್ಷದ ಹುಡುಗ ಅಜ್ಜ-ಅಜ್ಜಿಯ ಮುಂದೆ ಜೋರಾಗಿ ಕೇಳಿಯೇ ಕೇಳುತ್ತಾನೆ. ಉತ್ತರ ಯಾರು ಹೇಳಬೇಕು ಅಂತ ನೀವಿಬ್ಬರೂ ಕಾರಿನಲ್ಲಿ ಹೋಗುವಾಗಲೇ ತೀರ್ಮಾನ ಮಾಡಿಕೊಳ್ಳಿ.