ಕಬ್ಬಿನ ಗದ್ದೆಯ ಬದುವಿಗೆ ಲೆಕ್ಕ ಮುಗಿಯುವುದಿಲ್ಲ

(ರಾಣೆಬೆನ್ನೂರು ತಾಲ್ಲೂಕಿನ ರೈತರೊಬ್ಬರು ಬರೆದ ಪತ್ರದ ಸಾರ: “ಬ್ರೆಜಿಲ್‌ನ ಸೆರಾಡೊ ಎಂಬ ಹುಲ್ಲು, ಕುರುಚಲು ಗಿಡಗಳ ಬಯಲು ಇಂಧನದ ಬೆಳೆಗೆ ಬಲಿಯಾಗುತ್ತಿದೆ ಎಂದು ಕಳೆದ ಸಂಚಿಕೆಯಲ್ಲಿ ನೀವು ಬರೆದದ್ದನ್ನು ಓದಿದೆ. ಕಬ್ಬಿನ ಎಥೆನಾಲ್ ಹಾಕಿ ಕಾರು ಓಡಿಸುವುದನ್ನು ಜಗತ್ತಿಗೆ ಕಲಿಸಿದ ದೇಶ ಅದು. ಕಬ್ಬು ಅಲ್ಲಿನ ನೆಲದಲ್ಲಿ ನೂರಕ್ಕೆ ಒಂದು ಪಾಲು, ಅದೂ ದನ ಮೇದು ಸವೆದ ಜಾಗದಲ್ಲಿ. ಕಾಡು ಕಡಿದಿಲ್ಲ. ನಾಲ್ಕು ಕುರುಚಲು ಗಿಡ ಹೋದದ್ದಕ್ಕೆ ಇಷ್ಟು ಹುಯಿಲೇಕೆ? ನಾನೂ ಗೋವಿನಜೋಳವನ್ನು ಎಥೆನಾಲಿಗೆ ಮಾರುವವನು. ನನ್ನದೂ ತಪ್ಪೇ?”)

ಮಾನ್ಯರೇ,

ನಿಮ್ಮ ವಾದದಲ್ಲಿ ಸರಿಯಿರುವುದನ್ನು ಮೊದಲು ಹೇಳಿಬಿಡುತ್ತೇನೆ, ಅದು ಕಡಿಮೆಯೇನಿಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ಕೈಸುಟ್ಟುಕೊಂಡ ಬ್ರೆಜಿಲ್, 1975ರ ನವೆಂಬರಿನಲ್ಲಿ ಕಬ್ಬಿನ ಎಥೆನಾಲನ್ನು ವಾಹನಗಳಿಗೆ ಬಳಸುವ ‘ಪ್ರೊಆಲ್ಕೂಲ್’ ಯೋಜನೆ ಶುರುಮಾಡಿತು. 2003ರಲ್ಲಿ ಪೆಟ್ರೋಲು, ಎಥೆನಾಲ್ ಎರಡನ್ನೂ ಯಾವ ಪ್ರಮಾಣದಲ್ಲಿ ಬೆರೆಸಿದರೂ ಓಡುವ ಕಾರು ಬಂತು. 2025ರ ಆಗಸ್ಟಿನಿಂದ ಅಲ್ಲಿನ ಪೆಟ್ರೋಲಿನಲ್ಲಿ ಶೇ 30ರಷ್ಟು ಎಥೆನಾಲ್ ಇದೆ. ಒಂದು ಟನ್ ಕಬ್ಬಿಗೆ ಸುಮಾರು 80 ಲೀಟರ್ ಇಳಿಯುತ್ತದೆ, ಸಿಪ್ಪೆಯನ್ನೇ ಉರಿಸಿ ಕಾರ್ಖಾನೆ ನಡೆಸುತ್ತಾರೆ. ಇಂಧನದ ಬೆಳೆ ಅಂತ ಒಂದನ್ನು ಆರಿಸಲೇಬೇಕಾದರೆ ಕಬ್ಬಿಗಿಂತ ಒಳ್ಳೆಯದು ಸಿಗುವುದು ಕಷ್ಟ. ಸಾವೊ ಪಾಲೊ ಸೀಮೆಯಿಂದ ಗೋಯಾಸ್, ಮಾಟೊ ಗ್ರೊಸೊ ದೊ ಸುಲ್ ರಾಜ್ಯಗಳ ಕಡೆಗೆ ಕಬ್ಬು ಹಬ್ಬಿದ್ದೂ ಬಹುಪಾಲು ಹಳೆಯ ಮೇವಿನ ಹೊಲಗಳ ಮೇಲೆಯೇ.

ಹಾಗಾದರೆ ಆ ಹೊಲದಲ್ಲಿ ಮೇಯುತ್ತಿದ್ದ ದನ ಎಲ್ಲಿ ಹೋಯಿತು?

ನಿಮ್ಮ ಪತ್ರದಲ್ಲಿ ಇಲ್ಲದ ಪ್ರಶ್ನೆ ಇದೊಂದೇ. ಬ್ರೆಜಿಲ್‌ನ ಮೇವಿನ ಹೊಲಗಳಲ್ಲಿ ಹೆಕ್ಟೇರಿಗೆ ಸರಾಸರಿ ಒಂದು ದನ ಮೇಯುತ್ತದೆ. ಒಂದಿದ್ದ ಕಡೆ ಎರಡು ಮೇಯಿಸುವಂತೆ ಹುಲ್ಲು ಸುಧಾರಿಸಿದರೆ ಕಬ್ಬಿಗೆ ಜಾಗ ತಾನಾಗಿ ತೆರವಾಗುತ್ತದೆ ಎಂದು ಎಥೆನಾಲ್ ಪರ ಇರುವವರು ಹೇಳುತ್ತಾರೆ. ಕಾಗದದ ಮೇಲೆ ಅದು ನಿಜ, ಕೆಲವು ಕಡೆ ಹಾಗೆ ಆಗಿಯೂ ಇದೆ. ಆದರೆ ದನ ಸಾಕುವವನ ಜಾಗದಲ್ಲಿ ನಿಂತು ನೋಡಿ. ಕಾರ್ಖಾನೆ ಬಂತು, ಗುತ್ತಿಗೆ ದರ ಏರಿತು, ಜಮೀನಿಗೆ ಚಿನ್ನದ ಬೆಲೆ ಬಂತು. ಅದನ್ನು ಕೊಟ್ಟ ದುಡ್ಡಿನಲ್ಲಿ ಉತ್ತರಕ್ಕೆ ಹೋದರೆ ಹಲವು ಪಟ್ಟು ನೆಲ ಸಿಗುತ್ತದೆ, ಇನ್ನೂ ಯಾರೂ ಉಳದ ನೆಲ. ಅವನು ಅಲ್ಲೇ ಕೂತು ಹುಲ್ಲು ಸುಧಾರಿಸುತ್ತಾನೆಯೇ, ಲಾರಿಗೆ ದನ ಹತ್ತಿಸುತ್ತಾನೆಯೇ? ಇಂಥ ಕಬ್ಬಿನ ಹೊಲದಿಂದಲೇ ಇಂಥ ಬಯಲು ಹೋಯಿತು ಎಂದು ಬೆರಳಿಟ್ಟು ತೋರಿಸಲು ಆಗದು, ನಿಜ. ಕಾರ್ಖಾನೆಗಳಿಗೆ ಇದು ಬಹಳ ಅನುಕೂಲದ ಸಂಗತಿ ಎಂಬುದೂ ಅಷ್ಟೇ ನಿಜ.

ಅಲ್ಲದೆ ನೀವು ಕಬ್ಬಿನ ಮಾತನ್ನಷ್ಟೇ ಆಡಿದ್ದೀರಿ. ಅಲ್ಲಿನ ಡೀಸೆಲಿಗೂ 2008ರಿಂದ ಜೈವಿಕ ಡೀಸೆಲ್ ಬೆರೆಸುವುದು ಕಡ್ಡಾಯ. ಶೇ 2ರಿಂದ ಹೊರಟದ್ದು 2025ಕ್ಕೆ ಶೇ 15 ಮುಟ್ಟಿದೆ, ಅದರ ದೊಡ್ಡ ಪಾಲು ಸೋಯಾ ಎಣ್ಣೆ. ಒಂದು ಹೆಕ್ಟೇರ್ ಕಬ್ಬು ಆರು ಸಾವಿರ ಲೀಟರಿನಷ್ಟು ಎಥೆನಾಲ್ ಕೊಟ್ಟರೆ, ಒಂದು ಹೆಕ್ಟೇರ್ ಸೋಯಾದಿಂದ ಬರುವ ಡೀಸೆಲ್ 600-700 ಲೀಟರ್. ಲೀಟರ್ ಲೀಟರಿಗೆ ಶಕ್ತಿ ಡೀಸೆಲಿನಲ್ಲಿ ಹೆಚ್ಚು ಎಂದು ಲೆಕ್ಕ ಹಿಡಿದರೂ ಈ ಅಂತರ ಮುಚ್ಚುವುದಿಲ್ಲ. ಸೋಯಾದವರ ಪರವಾಗಿಯೂ ಒಂದು ಮಾತು ಹೇಳಬೇಕು: ಕಾಳಿನಲ್ಲಿ ಎಣ್ಣೆ ಐದನೇ ಒಂದು ಪಾಲು ಮಾತ್ರ, ಮಿಕ್ಕದ್ದು ಹಿಂಡಿಯಾಗಿ ಕೋಳಿ, ಹಂದಿಗಳ ಹೊಟ್ಟೆಗೆ ಹೋಗುತ್ತದೆ. ಬಯಲನ್ನೆಲ್ಲ ಡೀಸೆಲೇ ನುಂಗಿತು ಎನ್ನುವುದು ಅನ್ಯಾಯ. ಆದರೆ ಎಣ್ಣೆಗೆ ಸರ್ಕಾರವೇ ಗಿರಾಕಿ ಗೊತ್ತುಮಾಡಿಕೊಟ್ಟ ಮೇಲೆ ಬೆಳೆಯುವವನಿಗೆ ಭಯವೆಲ್ಲಿ?

ಇನ್ನು ಆ ‘ನಾಲ್ಕು ಕುರುಚಲು ಗಿಡ’. ಸೆರಾಡೊ ಸುಮಾರು 20 ಲಕ್ಷ ಚದರ ಕಿಲೋಮೀಟರ್, ನಮ್ಮ ಕರ್ನಾಟಕದಂಥವು ಹತ್ತು ಹಿಡಿಸುವಷ್ಟು. ಅದರಲ್ಲಿ ಅರ್ಧದಷ್ಟು ಈಗಾಗಲೇ ಉಳುಮೆಗೆ, ಮೇವಿಗೆ ಹೋಗಿದೆ. ಹನ್ನೆರಡು ಸಾವಿರಕ್ಕೂ ಹೆಚ್ಚು ಜಾತಿಯ ಸಸ್ಯಗಳು ಅಲ್ಲಿವೆ, ಎಷ್ಟೋ ಜಾತಿಗಳು ಜಗತ್ತಿನಲ್ಲಿ ಮತ್ತೆಲ್ಲೂ ಇಲ್ಲ. ಗಿಡ ಆಳೆತ್ತರ ಇದ್ದರೂ ಬೇರು ಅದರ ಹಲವು ಪಟ್ಟು ಆಳಕ್ಕೆ ಇಳಿದಿರುತ್ತದೆ. ಐದು ತಿಂಗಳ ಒಣಗಾಲವನ್ನೂ ಆಗಾಗ ಬೀಳುವ ಬೆಂಕಿಯನ್ನೂ ಅದು ದಾಟುವುದೇ ಆ ಬೇರಿನ ಬಲದಿಂದ. ಪೆಕಿ ಎಂಬ ಹಣ್ಣು ಅಲ್ಲಿನವರಿಗೆ ಪ್ರಾಣ, ಅನ್ನದ ಜೊತೆ ಬೇಯಿಸುತ್ತಾರೆ. ತಿರುಳಿನ ಕೆಳಗೆ ಸಣ್ಣ ಮುಳ್ಳುಗಳಿರುವುದರಿಂದ ಕಚ್ಚುವಂತಿಲ್ಲ, ಹಲ್ಲಿನಲ್ಲಿ ಮೆಲ್ಲಗೆ ಕೆರೆಯಬೇಕು. ಹೊರಗಿನಿಂದ ಹೋದವರು ಕಚ್ಚಿ ಪಾಡುಪಡುತ್ತಾರೆ.

ಇದನ್ನು ಹೊಲ ಮಾಡುವ ಬಗೆ ಹೀಗೆ. ಹಡಗಿನ ಲಂಗರಿನ ಸರಪಳಿಯಂಥ ದಪ್ಪ ಸರಪಳಿಯನ್ನು ಎರಡು ದೊಡ್ಡ ಟ್ರಾಕ್ಟರುಗಳಿಗೆ ಕಟ್ಟುತ್ತಾರೆ. ಎರಡೂ ಸಮಾನಾಂತರವಾಗಿ ಹೊರಡುತ್ತವೆ, ನಡುವೆ ಸಿಕ್ಕ ಮರ, ಗಿಡ, ಗೂಡು ಎಲ್ಲ ಬುಡಸಮೇತ ಮಗುಚುತ್ತವೆ. ಬಿದ್ದದ್ದನ್ನು ರಾಶಿ ಹಾಕಿ ಸುಡುತ್ತಾರೆ. ನೆಲದಲ್ಲಿ ಉಳಿದ ಬೇರನ್ನು ಕೂಲಿಯವರು ಕೈಯಲ್ಲಿ ಆಯುತ್ತಾರೆ. ಆಮೇಲೆ ಸುಣ್ಣ. ಅಲ್ಲಿಯ ಕೆಂಪು ಮಣ್ಣು ಹುಳಿ, ಅಲ್ಯೂಮಿನಿಯಂ ಹೆಚ್ಚು, ರಂಜಕ ಇಲ್ಲವೆನ್ನುವಷ್ಟು ಕಡಿಮೆ. 1973ರಲ್ಲಿ ಹುಟ್ಟಿದ ‘ಎಂಬ್ರಾಪ’ ಎಂಬ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಈ ಮಣ್ಣನ್ನು ಸುಣ್ಣ, ಗೊಬ್ಬರಗಳಿಂದ ಪಳಗಿಸುವುದನ್ನೂ, ಉಷ್ಣವಲಯಕ್ಕೆ ಒಗ್ಗುವ ಸೋಯಾ ತಳಿಗಳನ್ನೂ ಕಂಡುಕೊಟ್ಟಿತು. ವಿಜ್ಞಾನದ ಮಟ್ಟಿಗೆ ಅದು ದೊಡ್ಡ ಸಾಧನೆ, ನಾನು ಹೀಗಳೆಯುವುದಿಲ್ಲ. ಕೆಲಸಕ್ಕೆ ಬಾರದ ನೆಲ ಎಂದು ಬಿಟ್ಟಿದ್ದ ಬಯಲಿಗೆ ಅಂದಿನಿಂದಲೇ ಬೆಲೆಯೂ ಬಂತು, ಅಪಾಯವೂ ಬಂತು.

ನೀರಿನ ವಿಷಯ ನೀವು ಎತ್ತಿಲ್ಲ, ಆದರೆ ರೈತರಾದ ನಿಮಗೆ ಇದು ಎಲ್ಲಕ್ಕಿಂತ ಬೇಗ ತಟ್ಟೀತು. ಸೆರಾಡೊದ ಎತ್ತರದ ಬಯಲಿನಲ್ಲಿ ಬಿದ್ದ ಮಳೆ ಮಣ್ಣಿನೊಳಗೆ ಇಂಗಿ, ತಗ್ಗಿನಲ್ಲಿ ಜವುಳಾಗಿ ಹೊರಬರುತ್ತದೆ. ಆ ಜವುಳಿನ ಉದ್ದಕ್ಕೂ ಬುರಿಚಿ ಎಂಬ ತಾಳೆಮರಗಳು ಸಾಲಾಗಿ ನಿಂತಿರುತ್ತವೆ. ಅದರ ಗರಿ ಮನೆಗೆ ಹೊದಿಕೆ, ಹಣ್ಣು ಸಿಹಿತಿಂಡಿಗೆ. ಸಾವೊ ಫ್ರಾನ್ಸಿಸ್ಕೊ, ಟೊಕಾಂಟಿನ್ಸ್‌ನಂಥ ಮಹಾನದಿಗಳಿಗೆ ನೀರು ಕೂಡಿಕೊಳ್ಳುವುದು ಇಂಥ ಜವುಳುಗಳಿಂದ. ಬಹೀಯಾ ರಾಜ್ಯದ ಪಶ್ಚಿಮ ಭಾಗದಲ್ಲಿ ದೊಡ್ಡ ಜಮೀನುಗಳವರು ಇದೇ ಅಂತರ್ಜಲಕ್ಕೆ ಪಂಪು ಹಚ್ಚಿ, ದುಂಡಗೆ ತಿರುಗುವ ನೀರಾವರಿ ಯಂತ್ರ ಇಟ್ಟರು. 2017ರ ನವೆಂಬರಿನಲ್ಲಿ ಕೊರೆಂಟೀನ ಎಂಬಲ್ಲಿ ಹೊಳೆದಂಡೆಯ ಜನ ಒಂದು ದೊಡ್ಡ ಜಮೀನಿಗೆ ನುಗ್ಗಿ ಪಂಪುಗಳನ್ನು ಒಡೆದರು. ಕೆಲವೇ ದಿನಗಳಲ್ಲಿ ಆ ಸಣ್ಣ ಊರಿನ ಬೀದಿಯಲ್ಲಿ ಸಾವಿರಾರು ಮಂದಿ ಮೆರವಣಿಗೆ ಹೊರಟರು. ಪಂಪು ಒಡೆದದ್ದನ್ನು ಸಮರ್ಥಿಸಲಾರೆ. ಅದಕ್ಕೆ ಕಾರಣವಾದ ಸಿಟ್ಟು ಮಾತ್ರ ಕಾವೇರಿ, ಕೃಷ್ಣೆಯ ಸೀಮೆಯ ನಮಗೆ ಹೊಸದೇನಲ್ಲ.

‘ಕಾಡು ಕಡಿದಿಲ್ಲ’ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ನನ್ನ ತಕರಾರು ಇರುವುದೇ ಇಲ್ಲಿ. ಅಮೆಜಾನ್ ಕಾಡಿನಲ್ಲಿ ಜಮೀನು ಇದ್ದವನು ಅದರ ಶೇ 80ರಷ್ಟನ್ನು ಕಾಡಾಗಿಯೇ ಬಿಡಬೇಕು ಎನ್ನುತ್ತದೆ ಬ್ರೆಜಿಲ್ ಕಾನೂನು. ಸೆರಾಡೊದಲ್ಲಿ ಬಿಡಬೇಕಾದದ್ದು ಬಹುಪಾಲು ಕಡೆ ಶೇ 20, ಕೆಲವು ಕಡೆ ಶೇ 35. ಹೊಸದಾಗಿ ಅಮೆಜಾನ್ ಕಾಡು ಕಡಿದು ಬೆಳೆದ ಸೋಯಾ ಕೊಳ್ಳುವುದಿಲ್ಲ ಎಂದು 2006ರಲ್ಲಿ ದೊಡ್ಡ ವ್ಯಾಪಾರಿಗಳು ಒಪ್ಪಿಕೊಂಡರು. ಸೆರಾಡೊ ಆ ಒಪ್ಪಂದದಲ್ಲಿ ಇರಲಿಲ್ಲ. ಕಬ್ಬನ್ನು ಎಲ್ಲಿ ಬೆಳೆಯಬಾರದು ಎಂದು 2009ರಲ್ಲಿ ಗೆರೆ ಎಳೆದ ಆದೇಶವನ್ನು 2019ರಲ್ಲಿ ಸರ್ಕಾರವೇ ಅಳಿಸಿಹಾಕಿತು. ಪರಿಣಾಮ? 2023ರ ಜುಲೈಗೆ ಮುಗಿದ ವರ್ಷದಲ್ಲಿ ಅಮೆಜಾನ್‌ನಲ್ಲಿ ಸುಮಾರು 9,000 ಚದರ ಕಿಲೋಮೀಟರ್ ಹೋಯಿತು, ಅದರ ಅರ್ಧಕ್ಕಿಂತ ಚಿಕ್ಕದಾದ ಸೆರಾಡೊದಲ್ಲಿ 11,000. ಆಮೇಲಿನ ಎರಡು ವರ್ಷ ಇಳಿದಿದೆ, ಅದನ್ನೂ ಹೇಳಬೇಕು. ಇನ್ನೊಂದು ಚಾಲಾಕಿ ಕೇಳಿ: ಮೇಲಿನ ಬಯಲನ್ನು ಪೂರ್ತಿ ಉತ್ತ ಜಮೀನುದಾರರಲ್ಲಿ ಕೆಲವರು, ಕಾನೂನು ಕೇಳುವ ಮೀಸಲು ಪಾಲನ್ನು ತಗ್ಗಿನ ಕಣಿವೆಯಲ್ಲಿ ತೋರಿಸುತ್ತಾರೆ. ಅಲ್ಲಿ ತಲೆಮಾರುಗಳಿಂದ ಊರುಗಳಿವೆ, ಪಟ್ಟಾ ಇಲ್ಲ. ಹಸಿರು ಉಳಿಸಿದ ಕೀರ್ತಿ ಇವರಿಗೆ, ಜಾಗ ಬಿಡುವ ಪಾಡು ಅವರಿಗೆ.

ಇಂಗಾಲದ ಲೆಕ್ಕವನ್ನು ಚುಟುಕಾಗಿ ಹೇಳುತ್ತೇನೆ. 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಸೆರಾಡೊ ಕಿತ್ತು ಕಬ್ಬು ಹಾಕಿದರೆ, ಕಿತ್ತಾಗ ಹೊರಬಿದ್ದ ಇಂಗಾಲ ಪೆಟ್ರೋಲಿನ ಬದಲು ಎಥೆನಾಲ್ ಉರಿಸಿ ಉಳಿಸುವ ಇಂಗಾಲದಿಂದ ತೀರಲು 17 ವರ್ಷ ಬೇಕು. ಸೋಯಾ ಡೀಸೆಲಿಗಾದರೆ 37 ವರ್ಷ. ಹಳೆಯ ಹೊಲದಲ್ಲೇ ಬೆಳೆದರೆ ಈ ಸಾಲವೇ ಇಲ್ಲ, ದನ ಬೇರೆ ಕಡೆ ಹೋಗಿ ಬಯಲು ಕಿತ್ತಿಲ್ಲದಿದ್ದರೆ.

ನಿಮ್ಮ ಊರಿನ ಹೆಸರು ನೋಡಿ ನನಗೆ ಸ್ವಲ್ಪ ಅಚ್ಚರಿಯಾಯಿತು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಹುಲ್ಲಿನ ಮೇಲೆ ನೀಲಗಿರಿ ನೆಟ್ಟು ‘ಕಾಡು’ ಮಾಡಿದ್ದನ್ನು ನೀವು ನೋಡಿಯೇ ಇದ್ದೀರಿ. ಹುಲ್ಲುಬಯಲನ್ನೇ ನೆಚ್ಚಿದ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅಲ್ಲಿ ಒಮ್ಮೆ ಓಡಾಡುತ್ತಿತ್ತು. 2000ದ ದಶಕದಲ್ಲಿ, ಬೀಜದ ಎಣ್ಣೆಯಿಂದ ಡೀಸೆಲ್ ಮಾಡಬಹುದೆಂದು ಜಟ್ರೋಫ ಗಿಡದ ಹುಚ್ಚು ಹತ್ತಿದಾಗಲೂ ದೇಶದ ‘ಪಾಳು ಭೂಮಿ’ಯೇ ಗುರಿಯಾಗಿತ್ತು. ಆ ಪಟ್ಟಿಯಲ್ಲಿ ಕುರಿ, ದನ ಮೇಯುವ ಬಯಲೂ ಸೇರಿತ್ತು. ಹೊಂಗೆ, ಬೇವನ್ನು ಬದುವಿನ ಮೇಲೆ ಬೆಳೆದು ಬೀಜ ಆಯುವುದು ಬೇರೆ, ಗೋಮಾಳಕ್ಕೆ ಬೇಲಿ ಹಾಕುವುದು ಬೇರೆ. ಮೊದಲಿನದಕ್ಕೆ ನನ್ನ ವಿರೋಧವಿಲ್ಲ.

ನಿಮ್ಮ ಗೋವಿನಜೋಳದ ಪ್ರಶ್ನೆಗೆ ಉತ್ತರ: ತಪ್ಪಲ್ಲ, ಒಳ್ಳೆಯ ದರ ಕೊಟ್ಟವರಿಗೆ ಮಾರಿ. ನಿಮ್ಮದು ಮೊದಲಿನಿಂದ ಉಳುವ ಹೊಲ. ಆದರೆ ನಿಮ್ಮ ಗೋವಿನಜೋಳ ಎಥೆನಾಲ್ ಡಿಸ್ಟಿಲರಿಗೆ ಹೋದಾಗ ಕೋಳಿ ಫಾರಂನವರು ಬೇರೆ ಕಡೆ ಹುಡುಕಬೇಕಾಗುತ್ತದೆ. ರಫ್ತು ಮಾಡುತ್ತಿದ್ದ ನಮ್ಮ ದೇಶ 2024ರಲ್ಲಿ ಮ್ಯಾನ್ಮಾರ್, ಉಕ್ರೇನಿನಿಂದ ಗೋವಿನಜೋಳ ತರಿಸಿಕೊಂಡದ್ದು ಹಾಗೆ. ಡಿಸ್ಟಿಲರಿಗೆ ಹೋದ ಗೋವಿನಜೋಳದ ತೂಕದಲ್ಲಿ ಮೂರನೇ ಒಂದು ಪಾಲಿನಷ್ಟು ಪಶು ಆಹಾರವಾಗಿ ವಾಪಸು ಬರುತ್ತದೆ, ಅಷ್ಟನ್ನು ಕಳೆದು ಉಳಿದದ್ದಕ್ಕೆ ಬೇರೆಲ್ಲೋ ಹೊಲ ಬೇಕು.

– ಸಂಪಾದಕ