ಕಲ್ಪನೆಯ ಸಾಮ್ರಾಜ್ಯಕ್ಕೆ ಸೇನೆ ಕಟ್ಟುತ್ತೀರಾ? ಮೊದಲು ಸಂಬಳ ಯಾರು ಕೊಡುತ್ತಾರೆ ಹೇಳಿ

ಕಾದಂಬರಿ ಬರೆಯುವವರು, ಗೇಮ್ ಮಾಡುವವರು, ಚಿತ್ರಕಥೆಯವರು ಈಗ ತಮ್ಮದೇ ಸಾಮ್ರಾಜ್ಯಗಳನ್ನು ಕಟ್ಟುತ್ತಿದ್ದಾರೆ. ಕನ್ನಡದಲ್ಲಿ ಇದು ಜಾಸ್ತಿಯಾಗುತ್ತಿರುವುದು ನನಗೆ ನಿಜಕ್ಕೂ ಖುಷಿ. ಆದರೆ ಸೇನೆಯ ವಿಷಯಕ್ಕೆ ಬಂದರೆ ಅವವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಸೇನಾ ಇತಿಹಾಸ ಓದುವುದು, ಪಾಠ ಹೇಳುವುದು ನನ್ನ ಕೆಲಸ. ಹಾಗಾಗಿ ಎಲ್ಲಕ್ಕೂ ಒಂದೇ ಸಲ ಉತ್ತರ ಬರೆದುಬಿಡುತ್ತೇನೆ. ಕಾಲಾಳು ಅಂದರೇನು, ಅಶ್ವದಳ ಅಂದರೇನು ಅಂತ ಶುರುವಿನಿಂದ ಹೇಳುವುದಿಲ್ಲ. ಅಷ್ಟು ತಿಳಿಯದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ನನ್ನ ಚಕ್ರವರ್ತಿಯ ಸೇನೆಯನ್ನು ಅಕ್ಷೌಹಿಣಿ ಲೆಕ್ಕದಲ್ಲಿ ಇಡಬಹುದಾ?

ಕವಿತೆ ಬರೆಯುತ್ತಿದ್ದರೆ ಇಡಿ. ಮಹಾಭಾರತದ ಲೆಕ್ಕದಲ್ಲಿ ಒಂದು ಅಕ್ಷೌಹಿಣಿಗೆ 21,870 ಆನೆ. ಆನೆಯೊಂದಕ್ಕೆ ದಿನಕ್ಕೆ 150 ಕೆ.ಜಿ. ಮೇವು ಅಂದುಕೊಂಡರೂ ಸುಮಾರು 3,280 ಟನ್, ಅದೂ ಒಂದೇ ದಿನಕ್ಕೆ. ಕುದುರೆ, ಜನ, ನೀರು ಇನ್ನೂ ಲೆಕ್ಕಕ್ಕೆ ಬಂದಿಲ್ಲ. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೂ ಬಂದಿದ್ದ, ಅರಕೆರೆಯಲ್ಲಿ ಗೆದ್ದೂ ಇದ್ದ. ಆದರೂ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಕ್ಕೆ ಹೋಗಬೇಕಾಯಿತು, ಯಾಕೆಂದರೆ ಮಳೆ ಹಿಡಿದಿತ್ತು, ಅಕ್ಕಿ ಮುಗಿದಿತ್ತು, ಎಳೆಯುವ ಎತ್ತುಗಳು ಸಾಯುತ್ತಿದ್ದವು. ಮುಂದಿನ ವರ್ಷ ಮತ್ತೆ ಬಂದಾಗ ಅವನ ಸೇನೆಗೆ ಧಾನ್ಯ ತಂದವರಲ್ಲಿ ಎತ್ತುಗಳ ಮೇಲೆ ಸರಕು ಸಾಗಿಸುವ ಬಂಜಾರರು ಮುಖ್ಯರು. ನಿಮ್ಮ ಕಥೆಯಲ್ಲಿ ಈ ಎತ್ತಿನ ಹಿಂಡು ಎಲ್ಲಿದೆ ಅಂತ ಮೊದಲು ನೋಡಿ.

ನಾಯಕನ ಕತ್ತಿ 30 ಕೆ.ಜಿ. ಅಂತ ಬರೆಯಲಾ?

ಬೇಡ. ಯುದ್ಧದ ಕತ್ತಿ ಹೆಚ್ಚಾಗಿ ಒಂದು, ಒಂದೂವರೆ ಕೆ.ಜಿ.

ನನ್ನ ಸಾಮ್ರಾಜ್ಯದ ಸೇನೆಗೆ 600 ವರ್ಷದ ಇತಿಹಾಸ ಇದೆ. ಬಾವುಟ, ಲಾಂಛನ, ಪ್ರತಿಜ್ಞೆ, ಕಪ್ಪು ಸಮವಸ್ತ್ರ, ರಣಘೋಷ ಎಲ್ಲಾ ಮಾಡಿಟ್ಟಿದ್ದೇನೆ. ಆದರೂ ಓದಿದವರು ಜೀವ ಇಲ್ಲ ಅಂತಾರೆ. ಇನ್ಯಾವ ಸಂಪ್ರದಾಯ ಸೇರಿಸಲಿ?

ಈ ಪ್ರಶ್ನೆ ಬಂದಷ್ಟು ಬೇರೆ ಯಾವುದೂ ಬಂದಿಲ್ಲ. ಏನೂ ಸೇರಿಸಬೇಡಿ. ಮಾಡಿಟ್ಟಿದ್ದನ್ನೆಲ್ಲ ಸ್ವಲ್ಪ ದಿನ ಪಕ್ಕಕ್ಕಿಟ್ಟು ಈ ಸೈನಿಕನಿಗೆ ಅನ್ನ ಯಾರು ಹಾಕುತ್ತಾರೆ, ಸಂಬಳ ಯಾರು ಕೊಡುತ್ತಾರೆ, ಅವನು ಯಾರ ಮಗ, ಸತ್ತರೆ ಮನೆಯವರಿಗೆ ಏನು ಸಿಗುತ್ತದೆ ಅಂತ ಬರೆಯಿರಿ. ಸಂಪ್ರದಾಯ ಹುಟ್ಟುವುದು ಅಲ್ಲಿಂದ. ಯಾರೋ ಕೂತು ಲಾಂಛನ ಬರೆದಿದ್ದರಿಂದ ಅಲ್ಲ.

ವಿಜಯನಗರವನ್ನೇ ತಗೊಳ್ಳಿ. ಮಹಾನವಮಿ ಅಂದ ತಕ್ಷಣ ಎಲ್ಲರೂ ಆನೆ, ಕುದುರೆ, ವೈಭವ ಅಂತ ಬರೆಯುತ್ತಾರೆ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಅದನ್ನು ಕಣ್ಣಾರೆ ಕಂಡು ಬೆರಗಾದದ್ದು ನಿಜ. ಆದರೆ ಆ ವೈಭವದ ಒಳಗೆ ನಡೆಯುತ್ತಿದ್ದದ್ದು ಲೆಕ್ಕ ತಪಾಸಣೆ. ರಾಜನು ನಾಯಕರಿಗೆ, ಅಂದರೆ ತನ್ನ ಸೇನಾ ಮುಖಂಡರಿಗೆ, ಭೂಮಿ ಕೊಡುತ್ತಿದ್ದ, ನಾಯಕರು ಅದರ ಆದಾಯದಲ್ಲಿ ಇಷ್ಟು ಕಾಲಾಳು, ಇಷ್ಟು ಕುದುರೆ, ಇಷ್ಟು ಆನೆ ಅಂತ ಸಾಕಬೇಕಿತ್ತು, ಉಳಿದದ್ದರಲ್ಲಿ ರಾಜನ ಪಾಲು ಕಟ್ಟಬೇಕಿತ್ತು. ಆ ಪಾಲನ್ನು ಅವರು ಸೆಪ್ಟೆಂಬರ್‌ನಲ್ಲಿ, ಈ ಒಂಬತ್ತು ದಿನದ ಹಬ್ಬದ ಹೊತ್ತಿಗೆ ಒಪ್ಪಿಸುತ್ತಿದ್ದರು ಅಂತ ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಊರ ಹೊರಗೆ ರಾಜ ಸೇನೆಯನ್ನು ನೋಡುತ್ತಾ ಸಾಗುವುದು ಅಂದರೆ ಯಾವ ನಾಯಕ ಮೋಸ ಮಾಡಿದ್ದಾನೆ ಅಂತ ಎಲ್ಲರ ಕಣ್ಣಿಗೂ ಬೀಳುವ ಗಳಿಗೆ. ಈಗ ನಿಮ್ಮ ಕಥೆಯಲ್ಲಿ ಸಾಲ ಮಾಡಿಕೊಂಡ ಒಬ್ಬ ನಾಯಕ ಪಕ್ಕದವನಿಂದ 40 ಕುದುರೆ ಎರವಲು ತಂದು ಆ ಸಾಲಿನಲ್ಲಿ ನಿಲ್ಲಿಸಿದ್ದಾನೆ ಅಂದುಕೊಳ್ಳಿ. ಮೆರವಣಿಗೆಗೆ ಜೀವ ಬಂತು, ಅಲ್ವಾ?

ಟರ್ಕಿಯ ಒಟ್ಟೊಮನ್ ಸುಲ್ತಾನರ ಜಾನಿಸರಿಗಳನ್ನು ನೋಡಿ. ಬಾಲ್ಕನ್ನಿನ ಕ್ರೈಸ್ತ ಹಳ್ಳಿಗಳಿಂದ ಗಂಡುಮಕ್ಕಳನ್ನು ಹಿಡಿದು ತಂದು, ಮತ ಬದಲಿಸಿ, ತರಬೇತಿ ಕೊಟ್ಟು ಕಟ್ಟಿದ ಪಡೆ ಅದು. ಅವರಿಗೆ ಬಾವುಟದಷ್ಟೇ ಪವಿತ್ರವಾಗಿದ್ದದ್ದು ಅಡುಗೆಯ ಹಂಡೆ! ದಳದ ಮುಖ್ಯಸ್ಥನ ಪದವಿ ಸೂಪು ಬಡಿಸುವವನದು, ಟೋಪಿಯಲ್ಲಿ ಚಮಚ ಸಿಕ್ಕಿಸಲು ಜಾಗ. ಯುದ್ಧದಲ್ಲಿ ಹಂಡೆ ಕಳೆದುಕೊಂಡರೆ ದಳಕ್ಕೆ ದೊಡ್ಡ ಅವಮಾನ. ಹಂಡೆ ಮಗುಚಿ ಹಾಕಿದರೆ ಸುಲ್ತಾನನ ಅನ್ನ ಬೇಡ, ಅಂದರೆ ದಂಗೆ. ಹೆತ್ತವರಿಂದ ಕಿತ್ತು ತಂದ ಹುಡುಗನಿಗೆ ಒಟ್ಟಿಗೆ ಉಣ್ಣುವವರೇ ಮನೆಯವರು, ಸುಲ್ತಾನನೇ ಅನ್ನದಾತ, ಹಾಗಾಗಿ ಅವನ ಭಕ್ತಿಯೂ ಅಲ್ಲಿಗೇ ಹೋಯಿತು, ಸಿಟ್ಟು ಬಂದಾಗ ಅದೂ ಅಲ್ಲೇ ಹೊರಬಂತು.

ಇನ್ನೊಂದು ಸಂಗತಿ. ನಿಮ್ಮ 600 ವರ್ಷದಲ್ಲಿ ಏನೂ ಬದಲಾಗಿಲ್ಲ. ಇದು ನನಗೆ ತುಂಬಾ ಕಿರಿಕಿರಿ ಕೊಡುವ ತಪ್ಪು. ಜಾನಿಸರಿಗಳಿಗೆ ಮೊದಲು ಮದುವೆಯೇ ನಿಷಿದ್ಧ. ಆಮೇಲೆ ಮದುವೆಗೆ ಬಿಟ್ಟರು, ಮಕ್ಕಳನ್ನು ಪಡೆಗೆ ಸೇರಿಸಿಕೊಂಡರು, ಕೊನೆಕೊನೆಗೆ ಎಷ್ಟೋ ಜನ ಅಂಗಡಿ, ಕಸುಬು ನೋಡಿಕೊಂಡು ಸಂಬಳ ಮಾತ್ರ ಎಣಿಸಿಕೊಳ್ಳುತ್ತಿದ್ದರು. 1622ರಲ್ಲಿ ಸುಲ್ತಾನ ಎರಡನೇ ಒಸ್ಮಾನ್ ಇವರ ದಂಗೆಯಲ್ಲೇ ಸತ್ತ. ಹೊಸ ಬಗೆಯ ಸೇನೆ ಕಟ್ಟಲು ಹೋದ ಮೂರನೇ ಸಲೀಮ್ 1807ರಲ್ಲಿ ಪಟ್ಟ ಕಳೆದುಕೊಂಡ. 1826ರಲ್ಲಿ ಎರಡನೇ ಮಹಮೂದ್ ಅವರ ಬ್ಯಾರಕ್ಕುಗಳ ಮೇಲೆ ಫಿರಂಗಿ ಹಾರಿಸಿ ಇಡೀ ಪಡೆಯನ್ನೇ ಮುಗಿಸಿದ. ಅಷ್ಟರವರೆಗೂ ಅದೇ ಹಂಡೆ ಇತ್ತು. ಸಂಪ್ರದಾಯ ಹಾಗೇ ಉಳಿದು ಅದರ ಹಿಂದಿನ ಕಾರಣ ಸತ್ತುಹೋಗುವುದು ನಿಜವಾದ ಸೇನೆಗಳಲ್ಲಿ ಆಗುವ ಸಂಗತಿ. ಒಂದು ಇಡೀ ಕಾದಂಬರಿಗೆ ಅಷ್ಟು ಸಾಕು.

ಸೋಲನ್ನೂ ಬರೆಯಿರಿ ದಯವಿಟ್ಟು. ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ರೋಮಿನ ಮೂರು ಲೀಜನ್‌ಗಳು, ಅಂದರೆ ದೊಡ್ಡ ಸೇನಾದಳಗಳು, ನಾಶವಾದವು. 17, 18, 19 ಎಂಬ ಆ ಸಂಖ್ಯೆಗಳನ್ನು ರೋಮನ್ನರು ಮತ್ತೆ ಯಾವ ಲೀಜನ್‌ಗೂ ಇಡಲಿಲ್ಲ. ಕಳೆದುಹೋದ ಹದ್ದಿನ ಲಾಂಛನಗಳನ್ನು ಹುಡುಕಿ ತರಲು ಹತ್ತಾರು ವರ್ಷ ಹಿಡಿಯಿತು, ಆದರೂ ಬಿಡಲಿಲ್ಲ. ನಿಮ್ಮ ಸೇನೆ ಒಮ್ಮೆಯೂ ಸೋತಿಲ್ಲ ಅಂದರೆ ಅದಕ್ಕೆ ನೆನಪಿಡಲು ಏನಿದೆ?

ಪ್ರತಿಜ್ಞೆಯ ವಿಷಯ. 'ಸಾಮ್ರಾಜ್ಯಕ್ಕಾಗಿ ಪ್ರಾಣ ಕೊಡುತ್ತೇನೆ' ಅಂತ ಸುಮ್ನೆ ಬರೆಯಬೇಡಿ. ಹೊಯ್ಸಳರ ಗರುಡರು, ಅಂದರೆ ಒಡೆಯ ಸತ್ತರೆ ತಾವೂ ಸಾಯುತ್ತೇವೆ ಅಂತ ಮಾತು ಕೊಟ್ಟ ಅಂಗರಕ್ಷಕರು, ಪ್ರಾಣದ ಮಾತು ಕೊಟ್ಟದ್ದು ನಾಡಿಗಲ್ಲ, ಒಬ್ಬ ಒಡೆಯನಿಗೆ. ಎರಡನೇ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ತನ್ನ ಹೆಂಡತಿ ಮತ್ತು ಜೊತೆಯವರೊಂದಿಗೆ ಪ್ರಾಣ ಬಿಟ್ಟ. ಅದರ ನೆನಪಿನ ಕಂಬ ಹಳೇಬೀಡಿನಲ್ಲಿ ಹೊಯ್ಸಳೇಶ್ವರ ಗುಡಿಯ ಹತ್ತಿರ ಇವತ್ತಿಗೂ ನಿಂತಿದೆ. ತಮ್ಮ ತಲೆ ತಾವೇ ಕಡಿದುಕೊಳ್ಳುವ ವೀರರ ಕೆತ್ತನೆ ಅದರಲ್ಲಿದೆ. ನೋಡಿದರೆ ಮೈ ನಡುಗುತ್ತದೆ. ನಿಮ್ಮ ಸೈನಿಕ ಮಾತು ಕೊಟ್ಟಿರುವುದು ಯಾರಿಗೆ, ಆ ಮನುಷ್ಯ ಸತ್ತರೆ ಇವನ ಗತಿ ಏನು ಅಂತ ನಿರ್ಧರಿಸದೆ ಪ್ರತಿಜ್ಞೆಯ ಒಂದು ಸಾಲೂ ಬರೆಯಬಾರದು.

ಎಲ್ಲರಿಗೂ ಒಂದೇ ಸಮವಸ್ತ್ರ ತಪ್ಪಾ?

ತಪ್ಪಲ್ಲ, ದುಬಾರಿ. ಯುರೋಪಿನಲ್ಲೂ ಅದು ಸಾಮಾನ್ಯವಾದದ್ದು 17ನೇ ಶತಮಾನದ ಕೊನೆಯ ಹೊತ್ತಿಗೆ. ಇಡೀ ಸೇನೆಗೆ ಬಟ್ಟೆ ನೇಯುವವರು, ಬಣ್ಣ ಹಾಕುವವರು, ದುಡ್ಡು ಕೊಡುವ ಖಜಾನೆ ಇದ್ದರೆ ಹಾಕಿಸಿ.

ನನ್ನ ಕಥೆಯಲ್ಲಿ ಒಂದು ಜನಾಂಗ ಹುಟ್ಟಾ ಯೋಧರು, ಇನ್ನೊಂದು ಹುಟ್ಟಾ ಹೇಡಿಗಳು. ಸರಿಯಾ?

ಸರಿಯಲ್ಲ. ಇದು 1857ರ ನಂತರ ಬ್ರಿಟಿಷರು ತಮ್ಮ ಅನುಕೂಲಕ್ಕೆ ಬೆಳೆಸಿದ ಸುಳ್ಳು, ಅದೇ ನೆಪದಲ್ಲಿ ದಕ್ಷಿಣದವರ ನೇಮಕಾತಿ ಇಳಿಸಿದರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಕುದುರೆ ಮೇಲೆ ನುಗ್ಗಿ ಗೆದ್ದವರಲ್ಲಿ ಜೋಧ್‌ಪುರದವರ ಜೊತೆ ಮೈಸೂರು ಲ್ಯಾನ್ಸರ್‌ಗಳೂ ಇದ್ದರು. ಆ ಸುಳ್ಳನ್ನು ನಿಮ್ಮ ಕಲ್ಪನೆಯ ಲೋಕಕ್ಕೆ ಹೊತ್ತುಕೊಂಡು ಹೋಗಬೇಡಿ.

ತಾಳೆಗರಿಯ ಗುಪ್ತ ಯುದ್ಧವಿದ್ಯೆ ಕಲಿಸುತ್ತೇವೆ ಅಂತ ಆನ್‌ಲೈನ್ ಕೋರ್ಸ್ ಇದೆ. ಸೇರಲಾ?

ಒಂದು ರೂಪಾಯಿಯೂ ಕೊಡಬೇಡಿ. ಗುಪ್ತ ಅನ್ನುವವರು ಮೂಲ ಗರಿಯನ್ನು ಯಾರಿಗೂ ತೋರಿಸುವುದಿಲ್ಲ, ಕೇಳಿದರೆ ಬೈಯುತ್ತಾರೆ. ನಿಜವಾದ ದಾಖಲೆ ಕಲ್ಲಿನ ಮೇಲೆ ಎಲ್ಲರೂ ಓದುವ ಹಾಗೆ ಇದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಆತಕೂರು ಶಾಸನ ನೋಡಿ, 10ನೇ ಶತಮಾನದ್ದು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಹೋರಾಡಿದ ಮಣಲೆರ, ಮೆಚ್ಚಿದ ಒಡೆಯ ಏನು ಬೇಕು ಅಂದಾಗ ಕಾಳಿ ಎಂಬ ಬೇಟೆನಾಯಿ ಕೇಳಿದ. ಆ ನಾಯಿ ಹಂದಿಯ ಜೊತೆ ಕಾದಾಡಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕೋರ್ಸಿನ ದುಡ್ಡಲ್ಲಿ ಬಸ್ ಹತ್ತಿ ನಿಮ್ಮ ತಾಲ್ಲೂಕಿನ ವೀರಗಲ್ಲುಗಳನ್ನು ನೋಡಿಕೊಂಡು ಬನ್ನಿ. ಯಾರು ಸತ್ತರು, ಯಾತಕ್ಕೆ ಸತ್ತರು, ಮನೆಯವರಿಗೆ ಏನು ಕೊಟ್ಟರು ಅಂತ ಕಲ್ಲಲ್ಲಿ ಇದ್ದಷ್ಟನ್ನು ಬರೆದುಕೊಳ್ಳಿ. ಆಮೇಲೆ ಕಥೆಗೆ ಕೂರಿ.