ಹಾಸನವನ್ನೇ ಮೇಲೆ ಹಾಕಿ

ಸರ್, ಎಂಬಿಬಿಎಸ್ ಸೀಟಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವಾಗ, ಮಗಳಿಗೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಹಿಮ್ಸ್ ಮೊದಲು ಹಾಕಲೋ, ಬೆಂಗಳೂರಿನ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟೋ ಎಂದು ಕೇಳಿದ್ದೀರಿ. ನಾನಾದರೆ ಹಾಸನವನ್ನೇ ಹಾಕುತ್ತೇನೆ. ಫೀಸು ಕಡಿಮೆ ಅನ್ನುವುದು ಸರಿ, ಆದರೆ ನಿಜವಾದ ವ್ಯತ್ಯಾಸ ವಾರ್ಡಿನಲ್ಲಿದೆ. ಸರ್ಕಾರಿ ಜಿಲ್ಲಾ ಆಸ್ಪತ್ರೆಗೆ ಹೆರಿಗೆ, ಹಾವು ಕಡಿತ, ವಿಷ ಕುಡಿದವರು, ಅಪಘಾತ ಎಲ್ಲವೂ ಬರುತ್ತವೆ. ಹೊಲಿಗೆ ಹಾಕುವುದು, ಹೆರಿಗೆ ಮಾಡಿಸುವುದು ಇಂಟರ್ನ್‌ಶಿಪ್ಪಿನ ಆ 1 ವರ್ಷದಲ್ಲಿ ಕೈಗೆ ಹತ್ತಬೇಕು. ರೋಗಿಗಳಿಲ್ಲದ ಕಡೆ ಹತ್ತುವುದಿಲ್ಲ. ಖಾಸಗಿಯ ಆಸೆ ಬಿಡದಿದ್ದರೆ ಸೋಮವಾರ ಬೆಳಿಗ್ಗೆ ಅಲ್ಲಿನ ಒಪಿಡಿ ಚೀಟಿ ಕೌಂಟರ್ ಮುಂದೆ ನಿಂತು ನೋಡಿ, ಕ್ಯೂ ಇದೆಯೇ, ವಾರ್ಡಿನ ಹಾಸಿಗೆಗಳು ತುಂಬಿವೆಯೇ ಎಂದು. ಇನ್ನೊಂದು ಮಾತು: ಮೇಲಿನ ಆಪ್ಷನ್ ಸಿಕ್ಕರೆ ಸೀಟು ಹಂಚಿಕೆಯ ಆ ಸುತ್ತಿನಲ್ಲಿ ಕೆಳಗಿನದು ಸಿಗುವುದಿಲ್ಲ. ಹಾಗಾಗಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕ್ರಮ ಹಾಕಿ ಸರ್.